ಕಾಲುಂಗುರ

ಹೊರೇಸ್ ಬೂತ್ರಾಯ್ಡ್ ಸತ್ತದ್ದು ನವೆಂಬರಿನ ಒಂದು ಮಂಗಳವಾರ,
ಕೈಯಲ್ಲಿ ಕಾಳಿನ ಡಬ್ಬಿ, ಗೂಡಿನ ಮೆಟ್ಟಿಲ ಮೇಲೆ.
ಬಾರ್ನ್ಸ್‌ಲಿಯ ಪಾರಿವಾಳ ಕ್ಲಬ್ಬಿಗೆ ನಾನು ಕಾರ್ಯದರ್ಶಿ;
ಡಾಕ್ಟರಿಗಿಂತ ಮೊದಲು ನನಗೆ ಫೋನು ಬಂತು.
ಎನಿಡ್ ಹೇಳಿದಳು: "ಹಕ್ಕಿಗಳು ಇನ್ನೂ ತಿಂದಿಲ್ಲ."

ಇಪ್ಪತ್ತೇಳು ವರ್ಷ ಆ ಮನೆಯಲ್ಲಿ ಅವಳು.
ಮದುವೆ ಆಗಲಿಲ್ಲ. ಒಂದು ವರ್ಷ ರೇಸು ಅಡ್ಡ ಬಂತು,
ಒಂದು ವರ್ಷ ಅವನ ಮಂಡಿ, ಆಮೇಲೆ ಯಾರಿಗೂ ನೆನಪಾಗಲಿಲ್ಲ.
ನಾವೆಲ್ಲ ಬಿಯರ್ ಮುಂದಿಟ್ಟುಕೊಂಡು ತೀರ್ಪು ಕೊಟ್ಟೆವು:
ಇಷ್ಟು ವರ್ಷ ಒಂದೇ ಒಲೆ ಹಚ್ಚಿದರೆ
ಕಾನೂನೇ ಹೆಂಡತಿ ಅನ್ನುತ್ತೆ, ಹೆದರಬೇಡ.
ವಕೀಲೆ ಕನ್ನಡಕ ತೆಗೆದು ಒರೆಸಿದಳು.
ಕಾನೂನು ಹಾಗೆ ಅನ್ನುವುದಿಲ್ಲವಂತೆ. ಎಂದೂ ಅಂದಿಲ್ಲವಂತೆ.

ಉಯಿಲಿಲ್ಲದೆ ಸತ್ತವನಿಗೆ ಒಂದು ಏಣಿ ಇದೆ.
ಮೊದಲ ಮೆಟ್ಟಿಲು ಹೆಂಡತಿ. ಇಲ್ಲ.
ಮಕ್ಕಳು, ಇಲ್ಲ. ಅಪ್ಪ ಅಮ್ಮ ಮಣ್ಣಾಗಿ ಕಾಲವಾಯಿತು.
ಇಳಿಯುತ್ತ ಇಳಿಯುತ್ತ ಸಿಕ್ಕಿದ್ದು
ಅಪ್ಪನ ಇನ್ನೊಂದು ಸಂಸಾರದ ತಂಗಿ, ಅವಳೂ ಇಲ್ಲ, ಅವಳ ಮಗ,
ಸ್ವಿಂಡನ್ನಿನಲ್ಲಿ ಬಾತ್‌ರೂಮ್ ಟೈಲ್ಸ್ ಮಾರುವ ನೈಜೆಲ್.
ಅವನೂ ಅವನಂಥವರೂ ಸಿಗದಿದ್ದರೆ ಎಲ್ಲ ದೊರೆಗಂತೆ.
ದೊರೆಗೇನು ಗೊತ್ತು, ನೀಲಿ ಹೆಣ್ಣಿಗೆ ಬಟಾಣಿ ಒಗ್ಗದೆಂದು?
ಯಾವ ಮೆಟ್ಟಿಲಲ್ಲೂ ಎನಿಡ್ ಇರಲಿಲ್ಲ.
ಅವಳು ಏಣಿ ಹಿಡಿದುಕೊಂಡು ಕೆಳಗೆ ನಿಂತವಳು.

ಬರೆಯದ ಮನುಷ್ಯನಲ್ಲ ಹೊರೇಸ್. ನಲವತ್ತೊಂದು ನೋಟುಬುಕ್ಕು:
ಯಾವ ಗಾಳಿ, ಯಾವ ಹಕ್ಕಿ, ಎಷ್ಟು ಗಂಟೆ ನಿಮಿಷ ಸೆಕೆಂಡು.
ಎರಡು ವಾರ ಅಡುಗೆಮನೆಯ ದೀಪದಡಿ
ಎನಿಡ್ ಒಂದೊಂದೇ ಹಾಳೆ ಮಗುಚಿದಳು.
ಸಿಕ್ಕಿದ್ದು: "ಈಶಾನ್ಯದ ಗಾಳಿ. ನೀಲಿ ಹೆಣ್ಣು ತಡ.
ಎ. ಸೂಪು ಮಾಡಿದ್ದಳು. ಚೆನ್ನಾಗಿತ್ತು."
ಆ ಸಾಲನ್ನು ವಕೀಲೆಗೆ ತೋರಿಸಿದಳು.
ಸಹಿ ಬೇಕಿತ್ತು, ಜೊತೆಗೆ ಇಬ್ಬರು ಸಾಕ್ಷಿ.
ಸೂಪಿಗೆ ಇದ್ದವನು ಒಬ್ಬನೇ ಸಾಕ್ಷಿ; ಅವನನ್ನು ಸುಟ್ಟಾಗಿತ್ತು.
ಕೋರ್ಟಿಗೆ ಹಾಕಬಹುದು, ಸಂಗಾತಿಗೂ ಒಂದು ದಾರಿಯುಂಟು, ಅಂದಳು ವಕೀಲೆ.
"ಯಾರ ಮುಂದೆ ನಿಂತು ಹೇಳಲಿ ನಾನು ಯಾರೆಂದು?"
ಎನಿಡ್ ಕೋಟಿನ ಗುಂಡಿ ಹಾಕಿಕೊಂಡಳು.

ನೈಜೆಲ್ ಕೆಟ್ಟವನಲ್ಲ, ಅದೇ ಕಷ್ಟ.
ಬೂಟು ಬಿಚ್ಚಿ ಒಳಗೆ ಬಂದ. ಮಾವ ಹೇಗಿದ್ದರು ಎಂದು ಕೇಳಿದ.
ಅವಳು ಫೋಟೋ ತೋರಿಸಿದಳು, ಅದನ್ನೂ ಕೊಡಬೇಕೇನೋ ಎಂದು
ಕೈ ಅರ್ಧ ಚಾಚಿ ನಿಂತಳು.
"ಅದು ನಿಮ್ಮದೇ," ಅಂದ.
ಮನೆಗೆ ಜೂನಿನವರೆಗೆ ಗಡುವು ಕೊಟ್ಟ.

ಹಕ್ಕಿಗಳ ಹಸ್ತಾಂತರದ ಫಾರಂ ನನ್ನ ಕೆಲಸ.
ಮರಿಗೆ ಏಳು ದಿನವಾದಾಗ ಕಾಲಿಗೊಂದು ಉಂಗುರ ತೊಡಿಸುತ್ತೇವೆ,
ವರ್ಷ, ನಂಬರು. ಕಾಲು ಬಲಿತ ಮೇಲೆ ಬಿಚ್ಚಲು ಬಾರದು.
ಇಪ್ಪತ್ತಮೂರು ಕಾಲುಂಗುರ, ಎಲ್ಲ ಹೊರೇಸನ ಹೆಸರಿನಲ್ಲಿ.
ನಾನು ಓದುವ ಮೊದಲೇ ಒಂದೊಂದು ನಂಬರನ್ನೂ
ಎನಿಡ್ ಬಾಯಿಪಾಠ ಹೇಳುತ್ತಿದ್ದಳು.
ಆಗ ಕಂಡಿತು ಮೇಜಿನ ಮೇಲೆ ಅವಳ ಕೈ,
ಬರಿಗೈ.

ಲಿಂಕನ್ನಿನವನೊಬ್ಬ ತಳಿಗೆಂದು ಕೊಂಡ, ಬಲೆ ಕಟ್ಟಿ ಕೂಡಿಹಾಕಿದ.
ಮರುವರ್ಷದ ಮೇ ತಿಂಗಳಲ್ಲಿ ನೀಲಿ ಹೆಣ್ಣು ತಪ್ಪಿಸಿಕೊಂಡು ಬಂತು.
ಗೂಡಿರಲಿಲ್ಲ; ಹೊಸಬರು ಅಲ್ಲಿ ಮಗುವಿಗೆ ಉಯ್ಯಾಲೆ ನೆಟ್ಟಿದ್ದರು.
ಬಾಗಿಲು ಇದ್ದ ಎತ್ತರಕ್ಕೇ ಸರಿಯಾಗಿ
ಅದು ಬರಿ ಗಾಳಿಯ ಮೇಲೆ ಇಳಿಯಲು ನೋಡಿತು,
ಮತ್ತೆ, ಮತ್ತೆ.

ಕೊಂಡವನಿಗೆ ತಿಳಿಸಬೇಕು, ಅದು ನಿಯಮ. ನಾಳೆ ತಿಳಿಸುತ್ತೇನೆ.
ಸದ್ಯ ಬುಟ್ಟಿ ನನ್ನ ತೊಡೆಯ ಮೇಲಿದೆ, ಬಸ್ಸು ಹೊರಟಿದೆ
ಊರಿನ ಆಚೆ ತುದಿಗೆ, ಮೂರನೆಯ ಮಹಡಿಯ ಬಾಡಿಗೆ ಕೋಣೆಗೆ.
ಜೇಬಿನಲ್ಲಿ ಒಂದಿಷ್ಟು ಕಾಳು.
ಬಟಾಣಿ ಆರಿಸಿ ತೆಗೆದಿದ್ದೇನೆ.